ಕಿಲ್ಲಾರಿಯ ಪುನರ್ನಿರ್ಮಾಣ: ಔಚಿತ್ಯದೃಷ್ಟಿಯ ಒಂದು ವಿಮರ್ಶೆ

ವಿಮರ್ಶೆಯೆಂದರೆ ಕಾವ್ಯ ನಾಟಕಾದಿಗಳ ಗುಣದೋಷವಿಚಾರವೆಂದೇ ನಮ್ಮಲ್ಲಿ ರೂಢಿಯಾಗಿದೆ. ಆದರೆ ಮನುಷ್ಯನು ಬುದ್ಧಿಪೂರ್ವಕವಾಗಿ ಕಟ್ಟಿದುದೆಲ್ಲವೂ ಒಂದರ್ಥದಲ್ಲಿ ಕೃತಿಯೇ ಆಗಿದೆ. ಹಾಳಾದ ಊರೊಂದನ್ನು ಹೊಸದಾಗಿ ಕಟ್ಟುವವರು ಅದಕ್ಕೊಂದು ರೂಪವನ್ನು ಕಲ್ಪಿಸಿರುತ್ತಾರೆ. ಅದರಲ್ಲಿ ಬಾಳಬೇಕಾದವರು ಇಂಥವರು, ಅವರ ಅಗತ್ಯಗಳು ಇಂಥವು ಎಂದು ಮನಸ್ಸಿನಲ್ಲಿ ಭಾವಿಸಿರುತ್ತಾರೆ. ಆ ಭಾವನೆ ಸರಿಯಾಗಿತ್ತೇ ಎಂದು ಕೇಳುವುದು ವಿಮರ್ಶಕನ ಹಕ್ಕಿಗೆ ಹೊರತಾದುದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯವನ್ನೇ ಕಾವ್ಯದ ಜೀವವೆಂದು ಎಣಿಸಿದನು. ಅಲಂಕಾರವಾಗಲಿ ಗುಣವಾಗಲಿ ತನ್ನ ತಕ್ಕ ಸ್ಥಳದಲ್ಲಿದ್ದಾಗ ಮಾತ್ರ ಶೋಭಿಸುತ್ತದೆ ಎಂಬುದು ಆತನ ಮತದ ಸಾರ. ಈ ಅಳತೆಗೋಲನ್ನು ಹಿಡಿದು, 1993ರ ಕಿಲ್ಲಾರಿ ಭೂಕಂಪದ ಅನಂತರ ನಡೆದ ಪುನರ್ನಿರ್ಮಾಣವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮುಂಬಯಿಯ ಕನ್ನಡಿಗರಿಗೆ ಈ ವಿಷಯವೇಕೆ ಎಂದು ವಾಚಕರು ಕೇಳಬಹುದು. ಕಿಲ್ಲಾರಿಯು ಲಾತೂರು ಜಿಲ್ಲೆಯ ಔಸಾ ತಾಲೂಕಿಗೆ ಸೇರಿದ ಗ್ರಾಮ. ರಾಷ್ಟ್ರಕೂಟ ಅರಸರೂ ಸವದತ್ತಿಯ ರಟ್ಟರೂ ‘ಲಟ್ಟಲೂರಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸುತ್ತಿದ್ದರಷ್ಟೆ. ಆ ಲಟ್ಟಲೂರೇ ಇಂದಿನ ಲಾತೂರೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿಚಾರ. ಚಾಲುಕ್ಯರ ಕಲ್ಯಾಣವು ಅಲ್ಲಿಂದ ಬಹು ದೂರವಿಲ್ಲ. ಬೀದರ, ಕಲಬುರ್ಗಿ, ಉಸ್ಮಾನಾಬಾದುಗಳೆಲ್ಲವೂ 1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದವು. ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು 1956ರ ರಾಜ್ಯಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯವೇ ಆಗಿದ್ದವು. ‘ಕಿಲ್ಲಾರಿ’ ಎಂದೊಡನೆ ಕನ್ನಡಿಗನ ಕಿವಿಗೆ ಕಿಲಾರಿ ದನಗಳ ನೆನಪಾಗುವುದುಂಟು. ಆದರೆ ಬರಿಯ ಕಿವಿಯ ಸಾಕ್ಷಿಯನ್ನು ನಂಬಿ ಸ್ಥಳನಾಮದ ತೀರ್ಪು ಕೊಡುವುದು ಸಲ್ಲದು. ಇಷ್ಟು ಮಾತ್ರ ನಿಜ: ಅಲ್ಲಿಯ ಕಪ್ಪು ನೆಲ, ಜೋಳದ ಬೆಳೆ, ಮಣ್ಣಿನ ಮಾಳಿಗೆಯ ಮನೆ ಇವು ಗಡಿಯ ಈಚೆಗೂ ಆಚೆಗೂ ಒಂದೇ. ಆ ರಾತ್ರಿ ನೆಲ ನಡುಗಿದಾಗ ಬೀದರ ಕಲಬುರ್ಗಿಗಳಲ್ಲಿಯೂ ಜನ ಎದ್ದು ಬೀದಿಗೆ ಬಂದರು.

ಅದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, 3 ಗಂಟೆ 56 ನಿಮಿಷ. ಅನಂತ ಚತುರ್ದಶಿಯ ಗಣೇಶವಿಸರ್ಜನೆಯನ್ನು ಮುಗಿಸಿ ಜನ ಮಲಗಿದ್ದರು. ಕಂಪನದ ಪ್ರಮಾಣ 6.2ರಷ್ಟು, ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನಲ್ಲಿ ಎಣಿಸತಕ್ಕುದಲ್ಲ. ಆದರೂ ಸರಕಾರಿ ಲೆಕ್ಕದಂತೆ 7,928 ಜನ ಸತ್ತರು. ಬೇರೆ ಗಣನೆಗಳು ಇದನ್ನು ಹತ್ತು ಸಾವಿರದ ಸಮೀಪಕ್ಕೆ ಒಯ್ಯುತ್ತವೆ. ಇಷ್ಟು ಸಾವಿಗೆ ಕಾರಣ ಭೂಮಿಯ ಬಲಕ್ಕಿಂತ ಹೆಚ್ಚಾಗಿ ಗೋಡೆಯ ದೌರ್ಬಲ್ಯ. ಆ ಪ್ರಾಂತದ ಮನೆಯ ಗೋಡೆ ಎರಡಡಿಗೂ ಮಿಕ್ಕಿ ದಪ್ಪವಿರುತ್ತಿತ್ತು. ಹೊರಮುಖಕ್ಕೊಂದು ಒಳಮುಖಕ್ಕೊಂದು ಕಲ್ಲಿನ ವರಸೆ. ನಡುವೆ ಸಣ್ಣ ಕಲ್ಲು ಮಣ್ಣುಗಳ ತುಂಬು. ಆ ಎರಡು ವರಸೆಗಳನ್ನು ಒಂದಕ್ಕೊಂದು ಹೊಲಿಯುವ ಉದ್ದಗಲ್ಲುಗಳನ್ನು ಇಡುವ ಪದ್ಧತಿ ತಪ್ಪಿಹೋಗಿತ್ತು. ಮೇಲೆ ಬಿಸಿಲಿಗೂ ಮಳೆಗೂ ತಡೆಯೆಂದು ವರ್ಷವರ್ಷವೂ ಏರಿಸಿದ ಮಣ್ಣಿನ ಭಾರ. ಹಲವು ಮನೆಗಳಲ್ಲಿ ಮರದ ಕಂಬ ತೊಲೆಗಳು ನಿಂತೇ ಇದ್ದವು. ಗೋಡೆಗಳು ಮಾತ್ರ ಕುಸಿದು ಮಲಗಿದವರನ್ನು ಮುಚ್ಚಿದವು.

ಇದಕ್ಕೆ ಮುನ್ಸೂಚನೆ ಇರಲಿಲ್ಲವೆಂದು ಹೇಳುವಂತಿಲ್ಲ. 1992ರ ಅಕ್ಟೋಬರಿನಲ್ಲಿಯೇ ಕಿಲ್ಲಾರಿಯ ನೆಲ ಹಲವು ಸಲ ನಡುಗಿತ್ತು. ಅದಕ್ಕೂ ಹಿಂದೆ, 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪದಲ್ಲಿ ಸುಮಾರು 180 ಜನ ಮಡಿದಾಗ, ದಖ್ಖಣದ ಶಿಲಾಪೀಠ ಅಚಲವೆಂಬ ನಂಬಿಕೆ ಒಡೆದಿತ್ತು. ಹೀಗಿದ್ದೂ ಕಿಲ್ಲಾರಿಯ ಸೀಮೆ ದೇಶದ ಭೂಕಂಪನಕ್ಷೆಯಲ್ಲಿ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿಯೇ ಉಳಿದಿತ್ತು. 2002ರ ಪರಿಷ್ಕರಣದಲ್ಲಿ ಆ ವಲಯವನ್ನೇ ಕೈಬಿಡಲಾಯಿತು. ನಕ್ಷೆಯನ್ನು ತಿದ್ದುವುದಕ್ಕೆ ಇಷ್ಟು ಜೀವಗಳು ಬೇಕಾದವೆಂಬುದು ನಮ್ಮ ಆಡಳಿತದ ಮೇಲೆ ಇರುವ ಮೊದಲ ಆಕ್ಷೇಪ.

ಅಂದಿನ ರಾಜಕೀಯವನ್ನು ಮರೆತರೆ ಪುನರ್ನಿರ್ಮಾಣ ಪಡೆದ ರೂಪ ಅರ್ಥವಾಗದು. ಅಯೋಧ್ಯೆಯ ಮಸೀದಿ ಉರುಳಿದುದು 1992ರ ಡಿಸೆಂಬರಿನಲ್ಲಿ. ಆ ತಿಂಗಳೂ ಮುಂದಿನ ಜನವರಿಯಲ್ಲಿಯೂ ನಮ್ಮ ಮುಂಬಯಿ ಕೋಮುದಳ್ಳುರಿಯಲ್ಲಿ ಬೆಂದಿತು. ಸುಧಾಕರರಾವ್ ನಾಯಕರು ಅಧಿಕಾರ ಬಿಟ್ಟರು; ಶರದ್ ಪವಾರರು ಮುಖ್ಯಮಂತ್ರಿಗಳಾಗಿ ಬಂದ ತಿಂಗಳಲ್ಲಿಯೇ, 1993ರ ಮಾರ್ಚ್ 12ರಂದು, ನಗರದಲ್ಲಿ ಸಾಲುಸಾಲಾಗಿ ಬಾಂಬುಗಳು ಸಿಡಿದು 257 ಜನ ಸತ್ತರು. ಸರಕಾರವೆಂಬ ವಸ್ತುವಿನ ಮೇಲಣ ಭರವಸೆಯೇ ಬಿರುಕುಬಿಟ್ಟಿದ್ದ ಕಾಲವದು. ಕೈಲಾಗದು ಎಂಬ ಅಪಕೀರ್ತಿಯನ್ನು ಹೊತ್ತ ಸರಕಾರಕ್ಕೆ ಕಿಲ್ಲಾರಿಯಲ್ಲಿ ತನ್ನ ಕೈಯ ಬಲವನ್ನು ತೋರಿಸುವ ಅಗತ್ಯವೂ ಇತ್ತು, ಅವಕಾಶವೂ ಒದಗಿತು. ಮುಖ್ಯಮಂತ್ರಿಗಳು ಕೂಡಲೇ ಅಲ್ಲಿಗೆ ಧಾವಿಸಿದರು. ಹಾಳಾದ ಊರುಗಳನ್ನು ಬೇರೆ ನೆಲದಲ್ಲಿ ಹೊಸದಾಗಿ ಕಟ್ಟಿಕೊಡುವ ಮಾತು ಬಹುಬೇಗನೆ ಹೊರಬಿತ್ತು. ಪರಿಹಾರದ ವೇಗ ಮೆಚ್ಚತಕ್ಕುದೇ. ಆದರೆ ಪರಿಹಾರಕ್ಕೆ ವೇಗ ಉಚಿತ. ಪುನರ್ನಿರ್ಮಾಣಕ್ಕೆ ವಿಚಾರ ಉಚಿತ. ಒಂದರ ಗುಣವನ್ನು ಇನ್ನೊಂದಕ್ಕೆ ತಂದು ಹಚ್ಚುವುದನ್ನೇ ಕ್ಷೇಮೇಂದ್ರನು ಅನೌಚಿತ್ಯವೆಂದು ಕರೆದಾನು.

ಮುಂದೆ ವಿಶ್ವಬ್ಯಾಂಕು ಸುಮಾರು 24 ಕೋಟಿ 60 ಲಕ್ಷ ಡಾಲರುಗಳ ಸಾಲವನ್ನು ಒಪ್ಪಿಕೊಂಡಿತು. ಇದು ಸಾಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಜನಸಾಮಾನ್ಯರು ಇದನ್ನು ಪರದೇಶದ ದಾನವೆಂದೇ ತಿಳಿದರು. 1994ರಿಂದ ನಡೆದ ಈ ಕಾರ್ಯಕ್ರಮದಲ್ಲಿ ಗ್ರಾಮಗಳನ್ನು ಮೂರು ವರ್ಗ ಮಾಡಲಾಯಿತು. ಸಂಪೂರ್ಣ ನೆಲಸಮವಾದ 52 ಗ್ರಾಮಗಳು ಬೇರೆ ಸ್ಥಳಕ್ಕೆ ಹೋಗತಕ್ಕವು. 22 ಗ್ರಾಮಗಳು ಇದ್ದ ನೆಲದಲ್ಲಿಯೇ ಮರಳಿ ಕಟ್ಟತಕ್ಕವು. ಮೂರನೆಯವು ಹಲವು ಜಿಲ್ಲೆಗಳಲ್ಲಿ ಹರಡಿದ್ದ ಸುಮಾರು 2,500 ಗ್ರಾಮಗಳು. ಇಲ್ಲಿ ಒಂದೂವರೆ ಲಕ್ಷಕ್ಕೂ ಮೀರಿದ ಮನೆಗಳನ್ನು ಮನೆಯವರೇ ದುರಸ್ತಿ ಮಾಡಿ ಬಲಪಡಿಸಿಕೊಳ್ಳಬೇಕು, ಸರಕಾರ ಹಣವನ್ನೂ ತಾಂತ್ರಿಕ ಸಲಹೆಯನ್ನೂ ಒದಗಿಸಬೇಕು.

ಮೊದಲನೆಯ ವರ್ಗವನ್ನು ನೋಡೋಣ. ಈ ಗ್ರಾಮಗಳ ಮನೆಗಳನ್ನು ಬಹುಮಟ್ಟಿಗೆ ಗುತ್ತಿಗೆದಾರರೂ ಊರನ್ನು ದತ್ತು ತೆಗೆದುಕೊಂಡ ದಾನಿಸಂಸ್ಥೆಗಳೂ ಕಟ್ಟಿದರು. ಭೂಹೀನರಿಗೂ 1 ಹೆಕ್ಟೇರಿನೊಳಗೆ ಜಮೀನುಳ್ಳವರಿಗೂ 250 ಚದರಡಿ. 1ರಿಂದ 7 ಹೆಕ್ಟೇರಿನವರಿಗೆ 400 ಚದರಡಿ. ಅದಕ್ಕೆ ಮೇಲ್ಪಟ್ಟವರಿಗೆ 750 ಚದರಡಿ. ಭೂಕಂಪವು ಬಡವ ಬಲ್ಲಿದನೆನ್ನದೆ ಕೆಡವಿದುದನ್ನು ಸರಕಾರವು ಹೊಲದ ಅಳತೆಯಿಂದ ಮತ್ತೆ ಕಟ್ಟಿತು. ಕೂಲಿಯವನ ಕುಟುಂಬದಲ್ಲಿ ಎಂಟು ಜನರಿದ್ದು ಜಮೀನುದಾರನಲ್ಲಿ ಮೂವರೇ ಇದ್ದರೂ ಅಳತೆ ಬದಲಾಗದು. ದನ ಕರು, ಒಕ್ಕಲುತನದ ಸಲಕರಣೆ ಇವುಗಳಿಗೆ ಸ್ಥಳ ಬೇಕೆಂಬುದು ಇದಕ್ಕೆ ಕೊಡಬಹುದಾದ ಸಮರ್ಥನೆ. ಆದರೆ ದನಕ್ಕೆ ಬೇಕಾದುದು ಕೊಟ್ಟಿಗೆ. ಮನುಷ್ಯರಿಗೆ ಬೇಕಾದುದು ಕೋಣೆ. ಇವೆರಡನ್ನೂ ಒಂದೇ ಮಾನದಿಂದ ಅಳೆದುದು ಉಚಿತವೆನಿಸದು.

ಎರಡನೆಯದು ರೂಪದ ಪ್ರಶ್ನೆ. ಹಳೆಯ ಊರಿನಲ್ಲಿ ಅಗಸೆಯಿತ್ತು, ಓಣಿಯಿತ್ತು, ಮನೆಗೆ ಪಡಸಾಲೆಯೂ ಅಂಗಳವೂ ಇದ್ದವು. ಹೊಸ ಊರಿನಲ್ಲಿ ಗೀಟು ಹಾಕಿದಂಥ ಅಗಲವಾದ ರಸ್ತೆಗಳು, ಸಾಲಿಗೆ ನಿಂತ ಒಂದೇ ಬಗೆಯ ಮನೆಗಳು, ಮನೆಗೊಂದು ಅಂಕಿ. ಗುಬಾಳದಲ್ಲಿಯಂತೂ ಗುಮ್ಮಟದ ಆಕಾರದ ಮನೆಗಳನ್ನೇ ಕಟ್ಟಿದರು. ಅವು ನಡುಕಕ್ಕೆ ಗಟ್ಟಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ದುಂಡು ಗೋಡೆಗೆ ಜೋಳದ ಚೀಲವನ್ನು ಹೇಗೆ ಒಟ್ಟುವುದೆಂದು ನಕ್ಷೆ ಬರೆದವರು ಯೋಚಿಸಿದಂತೆ ತೋರದು. ಊರು ಹಳೆಯದಕ್ಕಿಂತ ಅನೇಕ ಪಟ್ಟು ಹರಡಿತು; ಹಲವೆಡೆ ನೆರೆಯವರು ಚದುರಿದರು, ಹೊಲಗಳು ದೂರವಾದವು, ರಸ್ತೆ ಚರಂಡಿಗಳ ನಿರ್ವಹಣೆ ಗ್ರಾಮಪಂಚಾಯತಿಯ ಕೈಮೀರಿತು. ಕಲ್ಲಿನ ವಿಷಯದಲ್ಲಿಯೂ ಇದೇ ಅವಿವೇಕ. ಕೊಂದದ್ದು ಕಲ್ಲಲ್ಲ, ಹೊಲಿಗೆಯಿಲ್ಲದ ಗೋಡೆ. ಆದರೂ ಭಯಗೊಂಡ ಜನ ಕಲ್ಲನ್ನೇ ತೊರೆದರು, ಕಟ್ಟುವವರೂ ಸಿಮೆಂಟಿನ ಪಕ್ಷ ಹಿಡಿದರು. ಫಲವಾಗಿ ಮರಾಠವಾಡೆಯ ಬೇಸಗೆಯಲ್ಲಿ ತಂಪಾಗಿರುತ್ತಿದ್ದ ಮನೆಯ ಬದಲು ಹಂಚಿನಂತೆ ಕಾಯುವ ಮನೆ ಬಂದಿತು.

ಈ ಸಂದರ್ಭದಲ್ಲಿ ನನ್ನ ಅನುಭವವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. 2010ರ ಸುಮಾರಿಗೆ ಆ ಪ್ರಾಂತದ ಒಂದು ಶಾಖೆಯಲ್ಲಿ ನಾನು ಅಧಿಕಾರಿಯಾಗಿದ್ದೆ. ಬೆಳೆಸಾಲಕ್ಕೆಂದು ಬಂದ ವೃದ್ಧರೊಬ್ಬರು, ನನ್ನ ಹೆಸರಿನ ಫಲಕ ನೋಡಿ, ಮರಾಠಿಯನ್ನು ಬಿಟ್ಟು ಕನ್ನಡದಲ್ಲಿಯೇ ಮಾತಾಡತೊಡಗಿದರು. ಅರ್ಜಿಯಲ್ಲಿ ವಿಳಾಸದ ಅಂಕಣಕ್ಕೆ ಬಂದಾಗ “ಅಗಸಿ ಬಾಗಲದ ಓಣಿ” ಎಂದರು. ಮನೆಯ ಅಂಕಿ ಬೇಕೆಂದೆ. “ಅದು ಸರಕಾರದ ನಂಬರ್‍ರೀ ಸಾಹೇಬ್ರ. ನಮ್ಮ ಮನಿ ಅಗಸಿ ಬಾಗಲದಾಗ ಐತಿ” ಎಂದರು. ಆ ಮನೆ ಬಿದ್ದು ಹದಿನೇಳು ವರ್ಷಗಳಾಗಿದ್ದವು. ಅವರು ಮಾತ್ರ ‘ಐತಿ’ ಎನ್ನುತ್ತಿದ್ದರು. ನಾನು ನಿಯಮದಂತೆ ಅಂಕಿಯನ್ನೇ ಬರೆದೆ. ನಿಯಮವನ್ನು ಪಾಲಿಸಿದುದರಲ್ಲಿ ತಪ್ಪಿಲ್ಲ; ಆದರೆ ಅವರು ಹೇಳಿದುದನ್ನು ಕೇಳಿಸಿಕೊಳ್ಳದೆ ಬರೆದೆನಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ. ಪುನರ್ನಿರ್ಮಾಣದ ದೋಷವೂ ಬಹುಶಃ ಇಷ್ಟೇ: ಅಂಕಣ ತುಂಬಿತು, ಮಾತು ಕೇಳಲಿಲ್ಲ.

ಆದರೆ ಇಲ್ಲಿಗೇ ನಿಲ್ಲಿಸಿದರೆ ವಿಮರ್ಶೆ ಏಕಪಕ್ಷೀಯವಾದೀತು. ಹಳೆಯ ಊರಿಗಾಗಿ ಹಂಬಲಿಸುವಾಗ ಆ ಊರು ಯಾರದಾಗಿತ್ತು ಎಂದು ಕೇಳದಿರಲಾಗದು. ಅಗಸೆಯ ಒಳಗಿದ್ದವರಿಗೆ ಅದು ಊರು; ಅಗಸೆಯ ಹೊರಗೆ ಕೇರಿಯಲ್ಲಿದ್ದವರಿಗೆ ಅದು ತಮ್ಮ ಮೇರೆಯನ್ನು ನೆನಪಿಸುವ ಗೋಡೆ. ಗೀಟು ಹಾಕಿದ ರಸ್ತೆ ನಮಗೆ ನೀರಸವೆನಿಸಬಹುದು. ತಲೆಮಾರುಗಳಿಂದ ಊರಾಚೆ ಇದ್ದವನಿಗೆ ಎಲ್ಲರ ಮನೆಯ ಸಾಲಿನಲ್ಲಿಯೇ ತನ್ನ ಬಾಗಿಲೂ ತೆರೆದುದು ಸಣ್ಣ ಸಂಗತಿಯಲ್ಲ. ಭೂಕಂಪವಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1994ರ ಜನವರಿ 14ರಂದು, ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರು ಸೇರಿತೆಂಬುದನ್ನೂ, ಆ ಹೆಸರಿಗಾಗಿ ಹದಿನಾರು ವರ್ಷ ರಕ್ತ ಹರಿದಿತ್ತೆಂಬುದನ್ನೂ ನೆನೆದರೆ, ಆ ಸೀಮೆಯಲ್ಲಿ ಯಾರ ಮನೆ ಎಲ್ಲಿರಬೇಕೆಂಬುದು ಬರಿಯ ವಾಸ್ತುವಿನ ವಿಷಯವಾಗಿರಲಿಲ್ಲವೆಂದು ತಿಳಿಯುತ್ತದೆ. ಆದುದರಿಂದ ಔಚಿತ್ಯವೆಂದರೆ ಹಳೆಯದನ್ನು ಹಾಗೆಯೇ ಎತ್ತಿ ನಿಲ್ಲಿಸುವುದಲ್ಲ. ಏನು ಉಳಿಯಬೇಕು, ಏನು ಅಳಿಯಬೇಕು ಎಂಬುದನ್ನು ಅಲ್ಲಿ ಬಾಳುವವರೆಲ್ಲರೂ, ಕೇರಿಯವರೂ ಕೂಡಿ, ನಿರ್ಣಯಿಸುವುದೇ ಔಚಿತ್ಯ. ಹೊಸ ಊರುಗಳ ಕೊರತೆ ಅವು ಹೊಸವಾದುದಲ್ಲ. ಅವುಗಳನ್ನು ನಿರ್ಣಯಿಸಿದವರು ಅಲ್ಲಿ ಬಾಳದವರಾದುದು.

ಈಗ ಮೂರನೆಯ ವರ್ಗಕ್ಕೆ ಬರೋಣ. ಇದರ ಕುರಿತು ಮಾತು ಕಡಿಮೆ. ಇಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲುಗಳಿಲ್ಲ, ಉದ್ಘಾಟನೆಯ ಸಮಾರಂಭಗಳಿಲ್ಲ. ಹಣ ಕಂತುಕಂತಾಗಿ ಮನೆಯವರ ಬ್ಯಾಂಕು ಖಾತೆಗೆ ಬರುವುದು. ಕೆಲಸ ಸಾಗಿದುದನ್ನು ಎಂಜಿನಿಯರರು ನೋಡಿದ ಮೇಲೆ ಮುಂದಿನ ಕಂತು. ಗೋಡೆಗೆ ಉದ್ದಗಲ್ಲು ಸೇರಿಸುವುದು, ಸುತ್ತಲೂ ಕಾಂಕ್ರೀಟಿನ ಪಟ್ಟಿ ಕಟ್ಟುವುದು, ಮಾಳಿಗೆಯ ಮಣ್ಣನ್ನು ಇಳಿಸುವುದು, ಕಂಬ ತೊಲೆಗಳ ಸಂದಿಗೆ ಓರೆಯಾಸರೆ ಕೊಡುವುದು ಇಂಥವು ಇಲ್ಲಿಯ ಕೆಲಸಗಳು. ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆ, ಪ್ರೇಮಾ ಗೋಪಾಲನ್ ಅವರ ನೇತೃತ್ವದಲ್ಲಿ, ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ತಯಾರು ಮಾಡಿತು. ಎಂಜಿನಿಯರನ ಮಾತನ್ನು ಮನೆಗೂ ಮನೆಯ ಮಾತನ್ನು ಎಂಜಿನಿಯರನಿಗೂ ತಲುಪಿಸುವವರು ಅವರು. ಇಲ್ಲಿಯೂ ಲೋಪಗಳಿಲ್ಲದಿಲ್ಲ. ಎಷ್ಟೋ ಮಂದಿ ಹಳೆಯ ಗೋಡೆಯನ್ನು ಬಲಪಡಿಸುವ ಬದಲು ಅದರ ಮಗ್ಗುಲಿಗೆ ಸಿಮೆಂಟಿನ ಒಂದು ಕೋಣೆ ಕಟ್ಟಿ ಸುಮ್ಮನಾದರು. ಹಳೆಯ ಗೋಡೆ ಹಳೆಯ ಅಪಾಯದೊಡನೆಯೇ ಉಳಿಯಿತು. ಆದರೂ ತಪ್ಪೂ ಒಪ್ಪೂ ಮನೆಯವರದಾಗಿತ್ತು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯ ವರ್ಗದವನು ಫಲಾನುಭವಿ, ಮೂರನೆಯವನು ಖಾತೆದಾರ. ಫಲಾನುಭವಿ ಕೊಟ್ಟುದನ್ನು ಪಡೆಯುತ್ತಾನೆ. ಖಾತೆದಾರ ಲೆಕ್ಕ ಕೇಳುತ್ತಾನೆ. ಪ್ರಜೆಯೆಂಬ ಪದಕ್ಕೆ ಸಮೀಪವಾದವನು ಎರಡನೆಯವನೆಂಬುದು ನನ್ನ ಅಭಿಪ್ರಾಯ.

ಮನೆ ಕೊಟ್ಟವರಿಗೆ ಮತ ಖಂಡಿತವೆಂಬ ರಾಜಕಾರಣಿಗಳ ನಂಬಿಕೆಗೂ ಲಾತೂರು ಆಧಾರ ಕೊಡಲಿಲ್ಲ. 1995ರ ಚುನಾವಣೆಯಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸು ಅಧಿಕಾರ ಕಳೆದುಕೊಂಡಿತು. ಲಾತೂರಿನ ಪ್ರಬಲ ನಾಯಕರಾದ ವಿಲಾಸರಾವ್ ದೇಶಮುಖರೇ ಅಲ್ಲಿ ಸೋತರು. ಸೋಲಿಗೆ ಕಾರಣಗಳು ಹಲವು. ಆದರೆ ಕೃತಜ್ಞತೆ ಮತವಾಗಿ ಪರಿವರ್ತನೆಯಾಗಲಿಲ್ಲವೆಂಬುದು ಸ್ಪಷ್ಟ. ಶಿವಸೇನೆ ಹಾಗೂ ಭಾರತೀಯ ಜನತಾಪಕ್ಷಗಳ ಸರಕಾರ ಬಂದ ಮೇಲೂ ಕಾರ್ಯಕ್ರಮ ನಿಲ್ಲಲಿಲ್ಲವೆಂಬುದನ್ನು ಹೇಳಿ, ನಮ್ಮ ಆಡಳಿತಕ್ಕೆ ಸಲ್ಲಬೇಕಾದ ಪ್ರಶಂಸೆಯನ್ನು ಸಲ್ಲಿಸೋಣ.

ಕಿಲ್ಲಾರಿಯ ಪಾಠ ವ್ಯರ್ಥವಾಗಲಿಲ್ಲ. 2001ರ ಜನವರಿ 26ರ ಕಚ್ಛದ ಭೂಕಂಪದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಊರುಗಳನ್ನು ಸ್ಥಳಾಂತರಿಸುವ ಮಾತು ಅಲ್ಲಿಯೂ ಎದ್ದಿತು. ಆದರೆ ಬಹುಪಾಲು ಜನ ತಮ್ಮ ನೆಲವನ್ನು ಬಿಡಲೊಪ್ಪದೆ, ಕಂತುಗಳಲ್ಲಿ ಹಣ ಪಡೆದು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಲಾತೂರಿನ ಹೆಂಗಸರು ಅಲ್ಲಿಗೆ ಹೋಗಿ ತಮ್ಮ ಅನುಭವವನ್ನು ಹಂಚಿಕೊಂಡರು. ನೇಪಾಳದ ಕಥೆ ಬೇರೆ. 2015ರ ಏಪ್ರಿಲ್ 25ರಂದು ಅಲ್ಲಿ ಸುಮಾರು ಒಂಬತ್ತು ಸಾವಿರ ಜನ ಮಡಿದರು. ವರ್ಷಗಟ್ಟಲೆ ಎಳೆದಾಡಿದ ರಾಜ್ಯಾಂಗವನ್ನು ಪಕ್ಷಗಳು ಆ ಆಘಾತದ ಬೆನ್ನಿಗೇ ಸೆಪ್ಟೆಂಬರ್ 20ರಂದು ಜಾರಿಗೆ ತಂದವು. ತರಾಯಿಯ ಜನ ಅದನ್ನು ಪ್ರತಿಭಟಿಸಿದರು. ಗಡಿಯಲ್ಲಿ ಸಾಗಾಟ ನಿಂತು ಇಂಧನಕ್ಕೂ ಔಷಧಕ್ಕೂ ಅಭಾವವಾಯಿತು. ಪುನರ್ನಿರ್ಮಾಣ ಪ್ರಾಧಿಕಾರ ಸರಿಯಾಗಿ ನೆಲೆಗೊಂಡುದು ಎಂಟು ತಿಂಗಳ ಮೇಲೆ. ಮನೆಗೆ ಮೂರು ಲಕ್ಷ ನೇಪಾಳಿ ರೂಪಾಯಿಗಳನ್ನು ಮೂರು ಕಂತುಗಳಲ್ಲಿ ಖಾತೆಗೆ ಕೊಡುವ ಉಚಿತವಾದ ಪದ್ಧತಿಯನ್ನೇ ಅಲ್ಲಿಯೂ ಅನುಸರಿಸಿದರು. ಆದರೆ 1997ರಿಂದ 2017ರವರೆಗೆ ಅಲ್ಲಿ ಸ್ಥಳೀಯ ಚುನಾವಣೆಯೇ ನಡೆದಿರಲಿಲ್ಲ. ಹಣ ಬಾರದಿದ್ದರೆ ಹಳ್ಳಿಯವನು ಯಾರ ಚಾವಡಿಗೆ ಹೋಗಿ ಕೇಳಬೇಕು? ಖಾತೆಯೊಂದಿದ್ದರೆ ಸಾಲದು, ಲೆಕ್ಕ ಕೇಳುವ ಸ್ಥಳವೂ ಬೇಕೆಂಬುದಕ್ಕೆ ನೇಪಾಳ ನಿದರ್ಶನ.

ಕೊನೆಯದಾಗಿ ನಮ್ಮ ಮಾತು. 1993ರಲ್ಲಿ ನಾನು ಡೊಂಬಿವಲಿಯಲ್ಲಿ ಓದುತ್ತಿದ್ದ ಹುಡುಗ. ಕಿಲ್ಲಾರಿಗೆಂದು ನಮ್ಮ ಚಾಳಿನ ಅಂಗಳದಲ್ಲಿ ಬಟ್ಟೆಯ ಗಂಟುಗಳು ಬಿದ್ದಿದ್ದವು. ಹರಿದ ಅಂಗಿ, ಕಸೆಯಿಲ್ಲದ ಲಂಗ, ಒಂಟಿ ಚಪ್ಪಲಿ. ಅವುಗಳನ್ನು ಆಯ್ದು ಬೇರೆ ಮಾಡುತ್ತ ನನ್ನ ತಾಯಿ ಹೇಳಿದರು: “ಉಡೋಕೆ ಬಾರದ್ದನ್ನ ಕೊಟ್ಟರೆ ಅದು ದಾನ ಅಲ್ಲ, ಮನೆ ಗುಡಿಸಿದ್ದು.” ಔಚಿತ್ಯತತ್ತ್ವವನ್ನು ಅದಕ್ಕಿಂತ ಸ್ಪಷ್ಟವಾಗಿ ನಾನು ಆಮೇಲೆ ಯಾವ ಗ್ರಂಥದಲ್ಲಿಯೂ ಓದಲಿಲ್ಲ.

2002ರ ನಕ್ಷೆ ಕಿಲ್ಲಾರಿಯನ್ನೂ ಮುಂಬಯಿಯನ್ನೂ ಒಂದೇ ಮೂರನೆಯ ವಲಯದಲ್ಲಿ ಕೂಡಿಸಿತು. ನಮ್ಮ ಹಳೆಯ ಚಾಳುಗಳು ಭೂಕಂಪವಿಲ್ಲದೆಯೇ ಒಂದೊಂದಾಗಿ ಉರುಳುತ್ತಿವೆ. ಅವುಗಳ ಸ್ಥಳದಲ್ಲಿ ಗೋಪುರಗಳು ಏಳುತ್ತಿವೆ. ಪುನರ್ವಿಕಾಸದ ಕರಾರುಪತ್ರಕ್ಕೆ ಸಹಿ ಹಾಕುವಾಗ ನಾವು ಚದರಡಿಗಳನ್ನು ಎಣಿಸುತ್ತೇವೆ. ಉದ್ದನೆಯ ಗ್ಯಾಲರಿಯಲ್ಲಿ ನಿಂತು ನಾಲ್ಕು ಮನೆಗಳವರು ಆಡುತ್ತಿದ್ದ ಕನ್ನಡವನ್ನು ಯಾವ ಅಂಕಣದಲ್ಲಿ ಬರೆಯಬೇಕೆಂದು ಕೇಳುವುದಿಲ್ಲ. ಗೋಡೆ ಗಟ್ಟಿಯಾಗಿದೆಯೇ ಎಂದು ವಿಚಾರಿಸುವವರೂ ವಿರಳ. ಕಿಲ್ಲಾರಿಯವರಿಗೆ ಕೇಳುವ ಅವಕಾಶ ದೊರೆಯಲಿಲ್ಲ, ನಮಗೆ ದೊರೆತಿದೆ. ಸಹಿಗೆ ಮೊದಲು ಸಂಘದ ಸಭೆಯಲ್ಲಿ ಎದ್ದು ನಿಂತು ಎರಡು ಪ್ರಶ್ನೆ ಕೇಳುವುದು ನಮ್ಮಿಂದಾಗದ ಕೆಲಸವೇನಲ್ಲ.